ವೃಷಭಾವತಿ ದಂಡೆಯಲ್ಲಿ ಹೆಗ್ಗಣ ಹಿಡಿಯುವ ಬಗೆ

ಬೋನಿಗಿಂತ ಮೊದಲು ಬಿಲ. ಬೆಂಗಳೂರಿನ ಮೈಸೂರು ರಸ್ತೆಗುಂಟ ಹರಿಯುವ ವೃಷಭಾವತಿ ಹೊಳೆಯ ತಡೆಗೋಡೆ ಬುಡದಲ್ಲಿ ಸಡಿಲ ಮಣ್ಣಿನ ಗುಪ್ಪೆ ಕಂಡರೆ ಅದು ಹೆಗ್ಗಣದ್ದು. ಸಂಜೆ ಪ್ರತಿ ಬಿಲದ ಬಾಯಿಗೂ ಒಂದು ಹಿಡಿ ಒದ್ದೆ ಮಣ್ಣು ಮೆತ್ತಿ. ಬೆಳಿಗ್ಗೆ ಅದು ಕಿತ್ತುಹೋಗಿದ್ದರೆ, ಇಲ್ಲವೇ ಪಕ್ಕದಲ್ಲಿ ಹಸಿ ಮಣ್ಣು ಬಿದ್ದಿದ್ದರೆ ಒಳಗೆ ವಾಸವಿದೆ. ಒಂದೇ ದಿನ ನೋಡಿ ಬಿಡಬೇಡಿ. ಕೆಲವು ಹೆಗ್ಗಣಗಳು ತಾವೇ ಒಳಗಿನಿಂದ ಬಾಯಿ ಮುಚ್ಚಿಕೊಳ್ಳುತ್ತವೆ.

ಅಡುಗೆಮನೆಯ ಇಲಿಬೋನು ಇಲ್ಲಿ ನಡೆಯದು. ಬಾಗಿಲು ಹೆಗ್ಗಣದ ಬೆನ್ನ ಮೇಲೆ ಬೀಳುತ್ತದೆ, ಅದು ಹಿಂದಕ್ಕೆ ಸರಿದು ಹೋಗುತ್ತದೆ, ಆಮೇಲೆ ಆ ಬೋನಿನ ಹತ್ತಿರ ಸುಳಿಯುವುದಿಲ್ಲ. ಒಂದೂವರೆ ಅಡಿ ಉದ್ದ, ಅರ್ಧ ಅಡಿಗೂ ಹೆಚ್ಚು ಅಗಲವಿರುವ ದಪ್ಪ ತಂತಿಯ ಬೋನು ಬೇಕು. ಅದನ್ನು ಗೋಡೆಗೆ ಒತ್ತಿ, ಉದ್ದುದ್ದಕ್ಕೆ ಇಡಿ. ಹೆಗ್ಗಣ ಬಯಲಲ್ಲಿ ಓಡಾಡದೆ ಗೋಡೆ ಸವರಿಕೊಂಡೇ ನಡೆಯುತ್ತದೆ. ಬೋನನ್ನು ಗೂಟಕ್ಕೆ ಬೈಂಡಿಂಗ್ ವೈರ್‌ನಿಂದ ಬಿಗಿಯಿರಿ. ಇಲ್ಲದಿದ್ದರೆ ನಾಯಿ ಎಳೆದೊಯ್ಯುತ್ತದೆ.

ಹೆಚ್ಚಿನವರು ಎಡವುವುದು ಆತುರದಲ್ಲಿ. ಹೊಸ ವಸ್ತುವೆಂದರೆ ಹೆಗ್ಗಣಕ್ಕೆ ಗುಮಾನಿ. ಮೂರು ರಾತ್ರಿ ಬಾಗಿಲನ್ನು ದಾರದಿಂದ ಕಟ್ಟಿ, ತೆರೆದೇ ಇಟ್ಟು ತಿನ್ನಲು ಬಿಡಿ. ನಾಲ್ಕನೆಯ ರಾತ್ರಿ ದಾರ ಬಿಚ್ಚಿ. ಸುಟ್ಟ ಕೊಬ್ಬರಿ ಅಥವಾ ಎಣ್ಣೆ ಜಿನುಗುವ ಬೋಂಡಾ ಸಾಕು. ಕೊಕ್ಕೆಗೆ ನೂಲಿನಿಂದ ಕಟ್ಟಿ, ಕಚ್ಚಿಕೊಂಡು ಹೋಗದಂತೆ. ಒಣಮೀನು ಇಟ್ಟರೆ ಬೆಕ್ಕು, ಸುಂಡಿಲಿ ಬರುತ್ತವೆ. ಮೂತಿ ಚೂಪಾದ ಸುಂಡಿಲಿ ಹುಳ ತಿಂದು ಬದುಕುವಂಥದ್ದು. ಸಿಕ್ಕರೆ ಅಲ್ಲೇ ಬಿಟ್ಟುಬಿಡಿ. ಬೆಳಗಾದೊಡನೆ ಬೋನು ಮುಚ್ಚಿ, ಇಲ್ಲವಾದರೆ ಅಳಿಲು ಸಿಕ್ಕಿಬೀಳುತ್ತದೆ.

ಸಿಕ್ಕಿದ್ದನ್ನು ಮುಂದಿನ ಸೇತುವೆ ಹತ್ತಿರ ಬಿಟ್ಟು ಬಂದರೆ ತೊಂದರೆಯನ್ನು ಬೇರೆ ಬಡಾವಣೆಗೆ ಸಾಗಿಸಿದ ಹಾಗೆ. ನೀರಿನಲ್ಲಿ ಮುಳುಗಿಸುವುದು ಬರೀ ಹಿಂಸೆ. ಬೋನು ಇಡುವ ಮೊದಲೇ ಪಶುವೈದ್ಯರ ಜೊತೆ ಮಾತಾಡಿ, ನೋವಿಲ್ಲದೆ ಸಾಯಿಸುವ ಏರ್ಪಾಡು ಮಾಡಿಕೊಳ್ಳಿ. ವಿಷ ಬೇಡವೇ ಬೇಡ. ವಿಷ ತಿಂದ ಹೆಗ್ಗಣವನ್ನು ತಿಂದ ಗೂಬೆ, ಬೆಕ್ಕೂ ಸಾಯಬಹುದು.

ಗಮ್‌ಬೂಟು, ಮೊಣಕೈವರೆಗಿನ ರಬ್ಬರ್ ಗ್ಲೌಸ್ ಇಲ್ಲದೆ ಇಳಿಯಬಾರದು. ಇಲಿ ಜ್ವರ ಹರಡುವುದು ಮೂತ್ರ ಬೆರೆತ ನೀರಿನಿಂದ, ಚರ್ಮದ ಗಾಯದ ಮೂಲಕ. ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮೋರಿ ಬದಿಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಿ. ಮೋಡ ಕಟ್ಟಿದ ಸಂಜೆ ಬೋನು ಇಡಲೇಬೇಡಿ: ಮಳೆ ಬಿದ್ದ ಅರ್ಧ ಗಂಟೆಯಲ್ಲೇ ನೀರು ಏರಬಹುದು, ಬೋನಿನೊಳಗಿನ ಪ್ರಾಣಿ ಮುಳುಗುತ್ತದೆ, ತೆಗೆಯಲು ಇಳಿದವರೂ ಕೊಚ್ಚಿಹೋಗಬಹುದು.

ಖಾಲಿಯಾದ ಬಿಲಕ್ಕೆ ಬರೀ ಮಣ್ಣು ತುಂಬಿದರೆ ಮತ್ತೆ ತೋಡುತ್ತವೆ. ಜಲ್ಲಿ ತುರುಕಿ ಸಿಮೆಂಟ್ ಹಾಕಿ. ಅಷ್ಟಾದರೂ ಪಕ್ಕದ ಕೋಳಿ ಅಂಗಡಿಯ ಕಸ ದಂಡೆಗೆ ಬೀಳುತ್ತಲೇ ಇದ್ದರೆ ಬೇರೆ ಹೆಗ್ಗಣಗಳು ಬಂದು ನೆಲೆಸುತ್ತವೆ. ಪಾಲಿಕೆಯ ವಾರ್ಡ್ ಕಚೇರಿಗೆ ಮೊದಲ ದೂರು ಆ ಕಸದ ಬಗ್ಗೆಯೇ ಇರಲಿ.