ಟ್ಯಾನ್ ಇನ್ವರ್ಸ್ ಒತ್ತಿದೆ, ಗೆರೆ ಉಲ್ಟಾ ಹೋಯಿತು

ಸರ್ವೇ ಲೆಕ್ಕ ನನ್ನ ಹೊಟ್ಟೆಪಾಡು. ಎರಡು ಬಿಂದುಗಳ ನಿರ್ದೇಶಾಂಕ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಬೇರಿಂಗ್ (ಉತ್ತರದಿಂದ ಪ್ರದಕ್ಷಿಣವಾಗಿ ಅಳೆದ ದಿಕ್ಕಿನ ಕೋನ) ತೆಗೆಯುವುದು ದಿನಕ್ಕೆ ಹತ್ತಾರು ಸಲ ಮಾಡುವ ಕೆಲಸ. ಶುರುವಿನ ದಿನಗಳಲ್ಲಿ ಒಮ್ಮೆ ಪೂರ್ವದ ವ್ಯತ್ಯಾಸ −40 ಮೀಟರ್, ಉತ್ತರದ ವ್ಯತ್ಯಾಸ −30 ಮೀಟರ್ ಬಂದಿತ್ತು. ಭಾಗಿಸಿದೆ, 1.3333. ಟ್ಯಾನ್ ಬೆಲೆಯಿಂದ ಕೋನ ಕೊಡುವ ಟ್ಯಾನ್ ಇನ್ವರ್ಸ್ ಒತ್ತಿದೆ, 53.13. ಬರೆದುಕೊಂಡು ನಕ್ಷೆಗೆ ಇಳಿಸಿದರೆ, ನೈಋತ್ಯಕ್ಕೆ ಹೋಗಬೇಕಾದ ಗೆರೆ ಈಶಾನ್ಯಕ್ಕೆ ಹೋಗಿ ಕೂತಿತ್ತು.

ಕ್ಯಾಲ್ಕುಲೇಟರಿನದೇನೂ ತಪ್ಪಿರಲಿಲ್ಲ. ಮೈನಸ್ಸನ್ನು ಮೈನಸ್ಸಿನಿಂದ ಭಾಗಿಸಿದಾಗಲೇ ಎರಡೂ ಚಿಹ್ನೆ ಹೊಡೆದುಹೋಗಿದ್ದವು. ಅದರ ಕೈಗೆ ಸಿಕ್ಕಿದ್ದು ಬರೀ 1.3333. 53.13 ಡಿಗ್ರಿಯ ಟ್ಯಾನ್ ಎಷ್ಟೋ 233.13 ಡಿಗ್ರಿಯದೂ ಅಷ್ಟೇ. ನನಗೆ ಬೇಕಿದ್ದದ್ದು ಎರಡನೆಯದು. ಟ್ಯಾನ್ ಇನ್ವರ್ಸಿನ ಉತ್ತರ ಯಾವತ್ತೂ −90ರಿಂದ 90ರೊಳಗೆ ಬರುತ್ತದೆ, ಸೈನ್‌ನದೂ ಹಾಗೆಯೇ, ಕಾಸ್‌ನದು ಮಾತ್ರ 0ಯಿಂದ 180. ತ್ರಿಕೋನದಲ್ಲಿ 90 ಮೀರಿದ ಕೋನ ಇರಬಹುದು ಅನ್ನಿಸಿದರೆ ನಾನು ಸೈನ್ ಸೂತ್ರದ ತಂಟೆಗೇ ಹೋಗದೆ ಕೊಸೈನ್ ಸೂತ್ರ ಹಾಕುವುದು ಇದಕ್ಕೇ.

ಇದಕ್ಕೂ ಹಿಂದಿನ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಕಲಿಯುವಾಗ, ಸೈನ್ ಇನ್ವರ್ಸನ್ನು ಸೈನ್ ಮೇಲೆ −1 ಎಂದು ಬರೆದಿರುವುದನ್ನು ನೋಡಿ, 0.5ಕ್ಕೆ ಸೈನ್ ಒತ್ತಿ, ಆಮೇಲೆ ಎಕ್ಸ್ ಮೇಲೆ −1 ಇರುವ ಕೀಲಿ ಒತ್ತುತ್ತಿದ್ದೆ. ಬರುತ್ತಿದ್ದದ್ದು 114.59. ನೋಡಲು ಥೇಟ್ ಕೋನವೇ! ನಿಜಕ್ಕೂ ಅದು ಅರ್ಧ ಡಿಗ್ರಿಯ ಸೈನ್‌ನಿಂದ ಒಂದನ್ನು ಭಾಗಿಸಿದ ಸಂಖ್ಯೆ. ಶಿಫ್ಟ್ ಒತ್ತಿ ಆಮೇಲೆ ಸೈನ್ ಒತ್ತಿದರೆ 30 ಬರುತ್ತದೆ. ಈ −1 ಬರವಣಿಗೆಯನ್ನು 1813ರಲ್ಲಿ ತಂದವರು ಜಾನ್ ಹರ್ಷಲ್. 1972ರ ಎಚ್‌ಪಿ-35 ಕ್ಯಾಲ್ಕುಲೇಟರಿನಲ್ಲಿ ಇದಕ್ಕೆ ‘ಆರ್ಕ್’ ಅಂತಲೇ ಬೇರೆ ಕೀಲಿ ಇತ್ತು. ಆ ಹೆಸರೇ ಉಳಿದುಕೊಂಡಿದ್ದರೆ ನನ್ನಂಥವರು ಬಚಾವಾಗುತ್ತಿದ್ದೆವು.

ಮೋಡ್ (ಕೋನವನ್ನು ಯಾವ ಅಳತೆಯಲ್ಲಿ ತೋರಿಸಬೇಕೆಂಬ ಆಯ್ಕೆ) ವಿಷಯದಲ್ಲಿ ಎಲ್ಲರೂ ರೇಡಿಯನ್ ಬಗ್ಗೆ ಎಚ್ಚರಿಸುತ್ತಾರೆ. ನನಗೆ ಅದರ ಭಯ ಕಡಿಮೆ. 0.75ರ ಟ್ಯಾನ್ ಇನ್ವರ್ಸ್ 36.87 ಬರುವ ಜಾಗದಲ್ಲಿ 0.6435 ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ನನಗೆ ಏಟು ಕೊಟ್ಟಿದ್ದು ಗ್ರೇಡಿಯನ್. ಎರವಲು ತಂದ ಕ್ಯಾಲ್ಕುಲೇಟರ್, ಪರದೆಯ ಮೇಲ್ತುದಿಯಲ್ಲಿ ಇರುವೆಯಷ್ಟು ‘ಜಿ’. ಸುತ್ತು 360 ಅಲ್ಲ, 400 ಭಾಗ. ಅದೇ ಲೆಕ್ಕಕ್ಕೆ 40.97 ಬಂತು. ಡಿಗ್ರಿ ಅಂದುಕೊಂಡರೆ ಎಲ್ಲಿಯೂ ಕೊಂಕಿಲ್ಲದ ಕೋನ. ಅರ್ಧ ದಿನದ ಲೆಕ್ಕ ಮತ್ತೆ ಮಾಡಬೇಕಾಯಿತು. ಅಂದಿನಿಂದ ಯಾವ ಯಂತ್ರ ಕೈಗೆ ಬಂದರೂ ಮೊದಲು 1ರ ಟ್ಯಾನ್ ಇನ್ವರ್ಸ್ ನೋಡುತ್ತೇನೆ. 45 ಬಂದರೆ ಡಿಗ್ರಿ, 0.785 ಬಂದರೆ ರೇಡಿಯನ್, 50 ಬಂದರೆ ಗ್ರೇಡಿಯನ್. ಕ್ಯಾಸಿಯೊದ ಇಎಸ್ ಮಾದರಿಗಳಲ್ಲಿ ಶಿಫ್ಟ್, ಮೋಡ್, 3 ಒತ್ತಿದರೆ ಡಿಗ್ರಿಗೆ ಬರುತ್ತದೆ. ಫೋನಿನಲ್ಲಿ ಇನ್ವರ್ಸ್‌ಗೆ ‘ಇನ್ವ್’ ಅಥವಾ ‘ಸೆಕೆಂಡ್’ ಎಂಬ ಗುಂಡಿ ಹುಡುಕಬೇಕು. ಅಲ್ಲಿ ಇನ್ನೊಂದು ತಲೆನೋವು: ಗುಂಡಿಯ ಮೇಲೆ ‘ರ‍್ಯಾಡ್’ ಅಂತಿದ್ದರೆ ಈಗ ಇರುವುದು ರೇಡಿಯನ್ ಎಂದೋ, ಒತ್ತಿದರೆ ರೇಡಿಯನ್‌ಗೆ ಹೋಗುತ್ತದೆ ಎಂದೋ, ಆ್ಯಪಿನಿಂದ ಆ್ಯಪಿಗೆ ಬೇರೆ. ಅಲ್ಲೂ 1ರ ಪರೀಕ್ಷೆಯೇ ಗತಿ.

53.13 ಅಂದರೆ 53 ಡಿಗ್ರಿ 13 ನಿಮಿಷ ಅಲ್ಲ, 53 ಡಿಗ್ರಿ 7 ನಿಮಿಷ 48 ಸೆಕೆಂಡ್. ಡಿಗ್ರಿ-ನಿಮಿಷದ ಕೀಲಿ ಒತ್ತಿಯೇ ಬರೆದುಕೊಳ್ಳಿ.

ಗೆರೆ ಯಾವ ಕ್ವಾಡ್ರಂಟಿನಲ್ಲಿ (ಸುತ್ತಿನ ನಾಲ್ಕು ಕಾಲುಭಾಗಗಳಲ್ಲಿ ಯಾವುದರಲ್ಲಿ) ಎಂಬ ಗೋಳಿಗೆ ಈಗ ನಾನು ಬಳಸುವುದು ‘ಪೋಲ್’, ಎರಡು ವ್ಯತ್ಯಾಸಗಳಿಂದ ದೂರ, ಕೋನ ಎರಡನ್ನೂ ಕೊಡುವ ಸೌಲಭ್ಯ. ಇಎಸ್ ಮಾದರಿಯಲ್ಲಿ ಶಿಫ್ಟ್ ಒತ್ತಿ ಪ್ಲಸ್ ಒತ್ತಿದರೆ ಬರುತ್ತದೆ. ಮೊದಲು ಉತ್ತರದ ವ್ಯತ್ಯಾಸ, ಆಮೇಲೆ ಪೂರ್ವದ್ದು. −30, −40 ಕೊಟ್ಟರೆ ದೂರ 50, ಕೋನ −126.87. ಮೈನಸ್ ಬಂದರೆ 360 ಕೂಡಿಸುವುದು: 233.13. ಎರಡು ಸಂಖ್ಯೆಗಳನ್ನೂ ಚಿಹ್ನೆ ಸಮೇತ ಕೊಡುವುದರಿಂದ ದಿಕ್ಕು ಕಳೆದುಹೋಗುವುದಿಲ್ಲ.

ಇದೇ ಕೆಲಸಕ್ಕೆ ಎಕ್ಸೆಲ್‌ನಲ್ಲಿ ‘ಎಟ್ಯಾನ್2’ ಇದೆ. ಉತ್ತರ ರೇಡಿಯನ್‌ನಲ್ಲೇ ಬರುತ್ತದೆ, ‘ಡಿಗ್ರೀಸ್’ ಸುತ್ತಿ ಡಿಗ್ರಿ ಮಾಡಿಕೊಳ್ಳಬೇಕು. ವರ್ಷಗಟ್ಟಲೆ ಓಡಿದ ಆ ಹಾಳೆಯನ್ನು ಪೈಥಾನ್‌ಗೆ ಬದಲಾಯಿಸಿದಾಗ ಸೂತ್ರವನ್ನು ಇದ್ದ ಹಾಗೇ ಎತ್ತಿಟ್ಟೆ. ಪರೀಕ್ಷೆಗೆ 1, 1 ಕೊಟ್ಟೆ, 45 ಬಂತು, ಸಮಾಧಾನವಾಯಿತು. ಆದರೆ ಎಕ್ಸೆಲ್ ಕೇಳುವುದು ಮೊದಲು ಎಕ್ಸ್ (ನನ್ನ ಲೆಕ್ಕದಲ್ಲಿ ಉತ್ತರದ ವ್ಯತ್ಯಾಸ), ಆಮೇಲೆ ವೈ (ಪೂರ್ವದ್ದು). ಪೈಥಾನ್ ಕೇಳುವುದು ಮೊದಲು ವೈ. ಎರಡೂ ಒಪ್ಪುವ ಒಂದೇ ಜಾಗವನ್ನು ಹುಡುಕಿ ಪರೀಕ್ಷೆ ಮಾಡಿದ್ದೆ ನಾನು! ಹಳೇ −30, −40 ಕೊಟ್ಟಾಗ 233.13ರ ಬದಲು 216.87. ಅದೂ ನೈಋತ್ಯವೇ, ಹಾಗಾಗಿ ಗೆರೆ ನೋಡಿದರೆ ಗೊತ್ತಾಗುವುದಿಲ್ಲ. ಹಳೇ ಹಾಳೆಯ ಪಕ್ಕ ಇಟ್ಟಾಗಲೇ ಗೊತ್ತಾಗಿದ್ದು. ಈಗ ನನ್ನ ಪರೀಕ್ಷೆಯಲ್ಲಿ ನಾಲ್ಕು ದಿಕ್ಕಿಗೂ ಒಂದೊಂದು ಜೋಡಿ, ಯಾವುದರಲ್ಲೂ ಎರಡು ಸಂಖ್ಯೆ ಸಮ ಇರುವುದಿಲ್ಲ.

ಕಾಸ್ ಇನ್ವರ್ಸ್ ಕೆಲವೊಮ್ಮೆ ಉತ್ತರವನ್ನೇ ಕೊಡುವುದಿಲ್ಲ. ಸರಿಸುಮಾರು ಒಂದೇ ಗೆರೆಯಲ್ಲಿದ್ದ ಮೂರು ಬಿಂದುಗಳು, ಅಳತೆ 40, 60, 100.01 ಮೀಟರ್. ಕೊಸೈನ್ ಸೂತ್ರ ಹಾಕಿದರೆ −1.0004. ಕ್ಯಾಲ್ಕುಲೇಟರ್ ‘ಮ್ಯಾತ್ ಎರರ್’ ಅಂದಿತು. ಕೀಲಿ ತಪ್ಪಿತೇನೋ ಎಂದು ಮೂರು ಸಲ ಒತ್ತಿದೆ. ಒಂದು ಸೆಂಟಿಮೀಟರ್ ಅಳತೆ ದೋಷ ಅಷ್ಟೇ; ಆ ಮೂರು ಉದ್ದಗಳಿಗೆ ತ್ರಿಕೋನವೇ ಆಗುವುದಿಲ್ಲ. ಪ್ರೋಗ್ರಾಮಿನಲ್ಲಿ −1ಕ್ಕಿಂತ ಕಡಿಮೆ ಬಂದರೆ −1 ಎಂದೇ ಹಿಡಿಯಿರಿ ಎಂಬ ಸಲಹೆ ಇದೆ. ದಶಮಾಂಶದ ಹದಿನೈದನೇ ಮನೆಯ ಕಸಕ್ಕೆ ನಾನೂ ಹಾಗೆ ಮಾಡುತ್ತೇನೆ. ನಾಲ್ಕನೇ ಮನೆಯಲ್ಲೇ ತಪ್ಪಿದ್ದರೆ ಟೇಪ್ ಹಿಡಿದು ವಾಪಸ್ ಹೋಗುತ್ತೇನೆ.

ಇನ್ನೊಂದು ಉಳಿಯಿತು. ಪಟ್ಟಿಯಲ್ಲಿ ಒಂದೇ ಬಿಂದು ಎರಡು ಸಲ ಸೇರಿಕೊಂಡರೆ ವ್ಯತ್ಯಾಸ ಎರಡೂ ಸೊನ್ನೆ. ಎಕ್ಸೆಲ್ ಸೊನ್ನೆಯಿಂದ ಭಾಗಿಸಿದ ದೋಷ ಎಂದು ಕೂಗಿಕೊಳ್ಳುತ್ತದೆ. ಪೈಥಾನ್ ಸದ್ದಿಲ್ಲದೆ 0 ಕೊಡುತ್ತದೆ, ಅಂದರೆ ನೇರ ಉತ್ತರ ದಿಕ್ಕು. ಹಾಗಾಗಿ ದೂರ ಸೊನ್ನೆಯಾದ ಸಾಲುಗಳನ್ನು ಮೊದಲೇ ಆರಿಸಿ ತೆಗೆದು ಆಮೇಲೆ ಓಡಿಸುತ್ತೇನೆ.