ಜೌಂಡ್ಸ್‌ಗೆ ಕನ್ನಡ ಸಿಕ್ಕಿತು: ನನ್ನ ಅನುಭವ

ಹಳೇ ಇಂಗ್ಲಿಷ್ ನಾಟಕ ಅನುವಾದ ಮಾಡುವವರಿಗೆಲ್ಲ ಈ ಕಾಟ ಗೊತ್ತು. ಜೌಂಡ್ಸ್, ಸ್‌ಬ್ಲಡ್, ಟಷ್, ಫೈ ಥರದ ಹಳೇ ಉದ್ಗಾರಗಳು ಬಂದ ಕಡೆಯೆಲ್ಲ ಪೆನ್ನು ನಿಲ್ಲುತ್ತದೆ. "ಬಿಟ್ಟು ಮುಂದೆ ಹೋಗಿ ಸಾರ್, ಯಾರೂ ಕೇಳಲ್ಲ" ಎಂದರು ನಮ್ಮ ತಂಡದವರು. ನಾನು ಬಿಡಲಿಲ್ಲ. ನಾನು ಅನುವಾದಿಸಿದ ಶೇಕ್ಸ್‌ಪಿಯರ್‌ನ 'ಒಥೆಲೊ' ರಂಗಕ್ಕೆ ಬಂದ ಮೇಲೆ ಅವರೇ ಒಪ್ಪಿಕೊಂಡರು.

ಮೊದಲು ಎಲ್ಲದಕ್ಕೂ 'ಅಯ್ಯೋ ದೇವರೇ' ಹಾಕಿ ನೋಡಿದೆ. ಸೈನಿಕನೂ ಮುದುಕನೂ ಒಂದೇ ಥರ ಕೇಳಿಸಿದರು. 'ಎಲೆಲಾ', 'ಅಕಟಕಟಾ' ಹಾಕಿದರೆ ಸೀದಾ ಪೌರಾಣಿಕ ನಾಟಕ! ಅನುವಾದಕ್ಕೆ ನನಗೆ ಸಿಗುತ್ತಿದ್ದದ್ದು ಪುಟಕ್ಕೆ ಸುಮಾರು 150 ರೂಪಾಯಿ ಲೆಕ್ಕ. ಒಂದು ಉದ್ಗಾರಕ್ಕೆ ಅರ್ಧ ದಿನ ಕೂತರೆ ಕಾಫಿ ಖರ್ಚೂ ಹುಟ್ಟಲ್ಲ. ಪುಸ್ತಕ ಮಾಡುತ್ತೇನೆಂದ ಪ್ರಕಾಶಕರೊಬ್ಬರು ನಡುವೆ ಕೈ ಎತ್ತಿದರು. ಬರಬೇಕಿದ್ದ ಏಳೆಂಟು ಸಾವಿರ ಹೋಯಿತು.

ದಾರಿ ಸಿಕ್ಕಿದ್ದು 'ಒಥೆಲೊ'ದ ಎರಡು ಹಳೇ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟಾಗ. 1622ರ ಕ್ವಾರ್ಟೊದಲ್ಲಿ (ಒಂದೇ ನಾಟಕದ ಚಿಕ್ಕ ಪುಸ್ತಕ) ಖಳ ಇಯಾಗೊ ರಾತ್ರಿ ನಾಯಕಿಯ ಅಪ್ಪ ಬ್ರಬಾನ್ಶಿಯೊನನ್ನು ಎಬ್ಬಿಸಿ "ಜೌಂಡ್ಸ್ ಸರ್, ನಿಮ್ಮ ಮನೆ ಕಳುವಾಗಿದೆ" ಎನ್ನುತ್ತಾನೆ. 1623ರ ಫೋಲಿಯೊದಲ್ಲಿ (ನಾಟಕಗಳ ದೊಡ್ಡ ಸಂಗ್ರಹ) ಬರೀ "ಸರ್". ಇಂಗ್ಲೆಂಡಿನ 1606ರ ಕಾಯ್ದೆಯಂತೆ ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ 10 ಪೌಂಡ್ ದಂಡ ಇತ್ತು. ಅಷ್ಟು ಖಾರದ ಮಾತು ಇದು. ಜೌಂಡ್ಸ್ ಅಂದರೆ ದೇವರ ಗಾಯದ ಆಣೆ, ಸ್‌ಬ್ಲಡ್ ದೇವರ ರಕ್ತದ ಆಣೆ. ಬಾಯಲ್ಲಿ ಸವೆದು ಮೊಟಕಾಗಿವೆ. ನಮ್ಮಲ್ಲೂ ಆಣೆ ಹೀಗೇ ಸವೆಯುತ್ತದೆ ಅಲ್ವಾ? "ದ್ಯಾವ್ರಾಣೆಗೂ ಸ್ವಾಮಿ, ಮನೆ ಲೂಟಿಯಾಗೈತೆ!" ಎಂದು ನಟ ಕೂಗಿದ. ಮಾತಾಡುತ್ತಿದ್ದ ಹಿಂದಿನ ಸಾಲಿನವರೂ ಗಪ್‌ಚುಪ್.

ಈಗ ಇಡೀ ದೃಶ್ಯ ಮುಗಿಸುವವರೆಗೂ ಉದ್ಗಾರದ ಜಾಗ ಖಾಲಿ ಬಿಡುತ್ತೇನೆ. ಯಾರು ಯಾರಿಗೆ ಹೇಳುತ್ತಾರೆ, ಮುಂದಿನ ಮಾತು ಬೈಗುಳವೋ ಬೇಡಿಕೆಯೋ ನೋಡಿ ತುಂಬುತ್ತೇನೆ. ಇಯಾಗೊನ ಜೊತೆಗಾರ ರೊಡೆರಿಗೊನ ಮೊದಲ ಟಷ್‌ಗೆ "ಏ, ಹೋಗಯ್ಯ" ಸರಿಹೋಯಿತು. ಫೈ ಮುನಿಸಿನಲ್ಲಿ "ಛೀ", ಅಸಹ್ಯವಾದರೆ "ಥೂ".

ನಡುವೆ ಸುಮ್ನೆ ಬೈ ಜೋವ್ ಎಂಬ ಇನ್ನೊಂದು ಇಂಗ್ಲಿಷ್ ಉದ್ಗಾರ ಕೈಗೆತ್ತಿಕೊಂಡೆ. ಜೋವ್ ರೋಮನ್ನರ ದೇವರಾಜ, ಹಾಗಾಗಿ "ಇಂದ್ರನಾಣೆ" ಮಾಡಿದೆ. ಕನ್ನಡಿಗರು ಯಾರು ಇಂದ್ರನ ಮೇಲೆ ಆಣೆ ಇಡುತ್ತಾರೆ? "ಭಲೇ" ಎಂದರೆ ಹತ್ತರಲ್ಲಿ ಎಂಟು ಕಡೆ ಕೂರುತ್ತದೆ. ಈಗ್ಯಾಡ್ ಎಂಬ ಇನ್ನೊಂದು ಉದ್ಗಾರ ಅಂದರೆ ದೇವರ ಹೆಸರನ್ನೇ ತಿರುಚಿ ಮೆತ್ತಗೆ ಮಾಡಿದ್ದು. ಅದಕ್ಕೆ "ಶಿವನೇ" ಸಾಕು, ಆಣೆ ಜಾಸ್ತಿಯಾಗುತ್ತದೆ.

ಇಯಾಗೊನ ಹೆಂಡತಿ ಎಮಿಲಿಯಾಳ ಬಾಯಿಗೆ ಏನು ಹಾಕಿದೆ ಅಂತ ಇಲ್ಲಿ ಹೇಳಲ್ಲ. ನಾಟಕ ನೋಡಿ. ಮುಂದಿನ ನಾಟಕಕ್ಕೆ ಪುಟಕ್ಕೆ 250 ಕೇಳಿದೆ, ಚೌಕಾಸಿ ಇಲ್ಲದೆ ಒಪ್ಪಿದರು.