ಜಪಾನಿನಲ್ಲಿ ನಮ್ಮ ಮೊದಲ ಸ್ಕೀ: ಡಿಸೆಂಬರ್ ಮಧ್ಯದಲ್ಲಿ ಮಕ್ಕಳು, ಅಮ್ಮನ ಜೊತೆ

ಸ್ಕೀ ಮಾಡಲು ಜಪಾನಿಗೆ ಹೋಗುವುದಾದರೆ ಜನವರಿ ಕೊನೆ, ಇಲ್ಲವೇ ಫೆಬ್ರವರಿ ಎಂದು ಎಲ್ಲರೂ ಹೇಳುತ್ತಾರೆ. ಹಿಮ ಆಗಲೇ ಜಾಸ್ತಿ, ಅದು ನಿಜ. ನಾವು ಬೆಂಗಳೂರಿನಿಂದ ಹೋಗಿದ್ದು ಡಿಸೆಂಬರ್ ಮಧ್ಯದಲ್ಲಿ. ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಅರವತ್ತು ದಾಟಿದ ಅಮ್ಮ, ನಾವಿಬ್ಬರು. ಯಾರೂ ಅದುವರೆಗೆ ಕಾಲಿಗೆ ಸ್ಕೀ ಕಟ್ಟಿದವರಲ್ಲ. ಇಂಥ ಕುಟುಂಬಕ್ಕೆ ಸೀಸನ್ ಶುರುವಾಗುವ ಹೊತ್ತೇ ಒಳ್ಳೆಯದು ಅನ್ನುವುದು ಈಗ ನನಗೆ ಖಾತ್ರಿ.

ಕಾರಣ ಸರಳ. ಆ ಹೊತ್ತಿಗೆ ಬೆಟ್ಟದ ಕೆಲವೇ ಇಳಿಜಾರುಗಳು ತೆರೆದಿರುತ್ತವೆ. ಪಳಗಿದವರಿಗೆ ಅದು ಸಾಲದು. ಆದರೆ ಹೊಸಬರು ಮೊದಲ ದಿನಗಳನ್ನೆಲ್ಲ ಕಳೆಯುವುದು ನೂರಿನ್ನೂರು ಮೀಟರ್ ಉದ್ದದ, ಸೌಮ್ಯವಾದ ಒಂದೇ ಇಳಿಜಾರಿನಲ್ಲಿ. ಉಳಿದ ಇಡೀ ಬೆಟ್ಟ ತೆರೆದಿದ್ದರೂ ಅದು ನಮಗಲ್ಲ. ಮತ್ತೆ ಡಿಸೆಂಬರ್ ಮಧ್ಯದಲ್ಲಿ ರೂಮಿನ ಬಾಡಿಗೆ ಕಡಿಮೆ, ಪಾಠಕ್ಕೆ ಸಾಲು ಕಡಿಮೆ. ಕ್ರಿಸ್‌ಮಸ್ ದಾಟಿ ಹೊಸ ವರ್ಷದ ರಜೆ ಬಂತು ಅಂದರೆ, ಸುಮಾರು ಡಿಸೆಂಬರ್ 29ರಿಂದ ಜನವರಿ 3ರವರೆಗೆ, ಇಡೀ ಜಪಾನೇ ಪ್ರಯಾಣದಲ್ಲಿರುತ್ತದೆ. ನಮ್ಮಲ್ಲಿ ಅನೇಕ ಶಾಲೆಗಳಿಗೆ ರಜೆ ಸಿಗುವುದೂ ಅದೇ ವಾರ. ನಾವು ಶಾಲೆಗೆ ಮೊದಲೇ ಪತ್ರ ಕೊಟ್ಟು, ರಜೆಗೆ ಒಂದು ವಾರ ಮುಂಚೆ ಹೊರಟೆವು. ಪರೀಕ್ಷೆ ಇರುವ ದೊಡ್ಡ ಮಕ್ಕಳಿದ್ದರೆ ಇದು ಆಗುವುದಿಲ್ಲ, ಅದು ನನಗೂ ಗೊತ್ತು.

ಜಾಗ ಆರಿಸುವುದಕ್ಕೇ ಹೆಚ್ಚು ಹೊತ್ತು ಕೊಟ್ಟೆ. ಜಪಾನಿನ ಹಿಮ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಚಳಿಗಾಲದಲ್ಲಿ ಸೈಬೀರಿಯಾದ ಕಡೆಯಿಂದ ಒಣ, ತಣ್ಣನೆಯ ಗಾಳಿ ಬೀಸುತ್ತದೆ. ಅದು ಜಪಾನ್ ಸಮುದ್ರ ದಾಟುವಾಗ ನೀರಿನ ಆವಿ ತುಂಬಿಕೊಳ್ಳುತ್ತದೆ. ದ್ವೀಪದ ನಡುವಿನ ಬೆಟ್ಟಸಾಲಿಗೆ ಬಡಿದು ಮೇಲೇರಿದಾಗ ಹೊತ್ತದ್ದನ್ನೆಲ್ಲ ಪಶ್ಚಿಮದ ಕಡೆ ಹಿಮವಾಗಿ ಸುರಿದುಬಿಡುತ್ತದೆ. ನೀಗಾತಾ ಪ್ರಾಂತ್ಯದಲ್ಲಿ ಆಳೆತ್ತರದ ಹಿಮ ಬೀಳುವುದು ಹೀಗೆ. ಬೆಟ್ಟದ ಈಚೆ, ಟೋಕಿಯೋ ಕಡೆ, ಅದೇ ಗಾಳಿ ಒಣಗಿ ಇಳಿಯುತ್ತದೆ. ಆಕಾಶ ನೀಲಿ, ಬಿಸಿಲು. ನಮ್ಮ ಪಶ್ಚಿಮ ಘಟ್ಟದಲ್ಲಿ ಆಗುಂಬೆ ನೆನೆಯುವಾಗ ಚಿತ್ರದುರ್ಗ ಒಣಗುವುದಿಲ್ಲವೇ, ಹಾಗೆ.

ಆದರೆ ಈ ಗಾಳಿಗೆ ತಾರೀಖು ಇಲ್ಲ. ಕೆಲವು ವರ್ಷ ಡಿಸೆಂಬರ್ ಮೊದಲ ವಾರವೇ ಬೆಟ್ಟ ತುಂಬುತ್ತದೆ, ಕೆಲವು ವರ್ಷ ತಿಂಗಳ ಕೊನೆಗೂ ಬಿದಿರು ಹುಲ್ಲು ಹಿಮದ ಮೇಲೆ ಇಣುಕುತ್ತಿರುತ್ತದೆ. ಹಾಗಾಗಿ ನಾನು ಹುಡುಕಿದ್ದು ಹಿಮ ಬೀಳುವ ಊರನ್ನಲ್ಲ, ಹಿಮ ಮಾಡುವ ಊರನ್ನು. ನಾಗಾನೊ ಪ್ರಾಂತ್ಯದ ಕರುಯಿಜಾವಾ ಹಾಗೆ ಸಿಕ್ಕಿತು. ಅಲ್ಲಿ ಬೀಳುವ ಹಿಮ ಕಡಿಮೆ, ಯಂತ್ರದಲ್ಲಿ ಮಾಡಿದ್ದೇ ಜಾಸ್ತಿ. ಅದೇ ಕಾರಣಕ್ಕೆ ಅಲ್ಲಿಯ ಪ್ರಿನ್ಸ್ ಹೋಟೆಲ್ ಸ್ಕೀ ಮೈದಾನ ನವೆಂಬರ್ ಆರಂಭದಲ್ಲೇ ತೆರೆಯುತ್ತದೆ. ನಾವು ಹೋಗುವ ಹೊತ್ತಿಗೆ ಹೊಸಬರ ಇಳಿಜಾರು ತೆರೆದಿರುತ್ತದೆ ಎಂಬ ನಂಬಿಕೆ ಇತ್ತು.

ಟೋಕಿಯೋದಿಂದ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಅಲ್ಲಿಗೆ ಸುಮಾರು 70 ನಿಮಿಷ. ಸ್ಕೀ ಮೈದಾನ ಸ್ಟೇಷನ್ನಿನ ಪಕ್ಕದಲ್ಲೇ. ಅಮ್ಮನ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಊರು ಇರುವುದು ಸುಮಾರು 1000 ಮೀಟರ್ ಎತ್ತರದಲ್ಲಿ, ಮಡಿಕೇರಿಗಿಂತ ಕೊಂಚ ಕೆಳಗೆ. ಎತ್ತರಕ್ಕೆ ಉಸಿರು ಕಟ್ಟುವ ಭಯ ಇಲ್ಲ. ಕಾಶ್ಮೀರದ ಗುಲ್ಮಾರ್ಗ್ ಯಾಕೆ ಬೇಡ ಎಂದು ಕೇಳಿದವರಿಗೂ ನನ್ನ ಉತ್ತರ ಇದೇ ಆಗಿತ್ತು. ಅದು 2600 ಮೀಟರ್ ದಾಟಿದ ಜಾಗ, ಹಿಮವೂ ಜನವರಿ-ಫೆಬ್ರವರಿಯಲ್ಲೇ ಚೆನ್ನಾಗಿ ಕೂರುವುದು.

ಮಾಡಿದ ಹಿಮದಲ್ಲಿ ಒಂದು ಕೊರತೆ ಇದೆ. ಅದು ಗಟ್ಟಿ, ಬಿದ್ದರೆ ನೋವಾಗುತ್ತದೆ. ಬೆಳಗ್ಗೆ ಇನ್ನೂ ಗಟ್ಟಿ. ಮಕ್ಕಳಿಗೆ ನಿಜವಾದ, ಮೆತ್ತನೆಯ ಹಿಮ ತೋರಿಸಬೇಕು ಅಂತ ಆಸೆಯೂ ಇತ್ತು. ಅದಕ್ಕೆ ರೈಲಿನ ನಕ್ಷೆಯೇ ದಾರಿ ಕೊಟ್ಟಿತು. ಕರುಯಿಜಾವಾಗೆ ಹೋಗುವ ಹೊಕುರಿಕು ಮಾರ್ಗ, ನೀಗಾತಾಗೆ ಹೋಗುವ ಜೋಎತ್ಸು ಮಾರ್ಗ, ಎರಡೂ ಕವಲೊಡೆಯುವುದು ತಕಾಸಾಕಿ ಸ್ಟೇಷನ್ ದಾಟಿದ ಮೇಲೆ. ಅಂದರೆ ಕರುಯಿಜಾವಾದಿಂದ ತಕಾಸಾಕಿಗೆ ಬಂದು ರೈಲು ಬದಲಿಸಿದರೆ ಬೆಟ್ಟದ ಆಚೆ, ನೀಗಾತಾ ಪ್ರಾಂತ್ಯದ ಯುಜಾವಾ ಊರಿಗೆ ಅದೇ ದಿನ ಹೋಗಿ ಬರಬಹುದು. ವಸತಿಯೆಲ್ಲ ಕರುಯಿಜಾವಾದಲ್ಲೇ ಇಟ್ಟು, ಯುಜಾವಾಗೆ ಏನನ್ನೂ ಬುಕ್ ಮಾಡಲಿಲ್ಲ. ಹಿಮ ಬಿದ್ದರೆ ಹೋಗುವುದು, ಬೀಳದಿದ್ದರೆ ಇಲ್ಲೇ ಇರುವುದು. ಹಿಂದಿನ ಸಂಜೆ ನೋಡಿ ತೀರ್ಮಾನ. ಜೆಆರ್ ಟೋಕಿಯೋ ವೈಡ್ ಪಾಸ್ ಎಂಬ ರೈಲು ಪಾಸ್ ಸತತ ಮೂರು ದಿನ ನಡೆಯುತ್ತದೆ, ಈ ಎರಡೂ ಊರು ಅದರಲ್ಲಿ ಬರುತ್ತವೆ. ಟಿಕೆಟ್ ದುಡ್ಡು ಹಾಳಾಗುವ ಚಿಂತೆ ಹೀಗೆ ಹೋಯಿತು.

ಬುಕಿಂಗ್ ಮಾಡುವಾಗ ಮೊದಲು ಹಿಡಿದದ್ದು ಪಾಠ, ವಿಮಾನ ಆಮೇಲೆ. ಇಂಗ್ಲಿಷಿನಲ್ಲಿ ಕಲಿಸುವವರು ಸೀಸನ್ ಶುರುವಿನಲ್ಲಿ ಕಡಿಮೆ ಇರುತ್ತಾರೆ, ಅವರ ಖಾಲಿ ದಿನ ನೋಡಿ ಉಳಿದದ್ದನ್ನು ಹೊಂದಿಸಿದೆ. ಮಕ್ಕಳಿಬ್ಬರಿಗೆ ಸೇರಿ ಖಾಸಗಿ ಪಾಠ, ಅದೂ ಶನಿವಾರ-ಭಾನುವಾರ ಬಿಟ್ಟು. ವಾರದ ಕೊನೆಗೆ ಟೋಕಿಯೋದಿಂದ ಪಳಗಿದವರೆಲ್ಲ ಅದೇ ಒಂದೆರಡು ಇಳಿಜಾರಿಗೆ ಬರುತ್ತಾರೆ, ಅವರ ವೇಗದ ನಡುವೆ ಆರು ವರ್ಷದ ಮಗುವನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಖಾಸಗಿ ಪಾಠ ದುಬಾರಿ, ಪ್ರವಾಸದ ದೊಡ್ಡ ಖರ್ಚುಗಳಲ್ಲಿ ಒಂದು. ಆದರೂ ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ ಎಂದೇ ಹೇಳುತ್ತೇನೆ. ಅಪ್ಪ-ಅಮ್ಮ ಕಲಿಸಲು ಹೋದರೆ ಮಕ್ಕಳು ಹತ್ತೇ ನಿಮಿಷದಲ್ಲಿ ಅಳುತ್ತಾರೆ. ಅದೇ ಹೊರಗಿನವರು ಹೇಳಿದರೆ ಎದ್ದು ನಿಲ್ಲುತ್ತಾರೆ.

ಆಮೇಲೆ ಬೆಂಗಳೂರಿನಿಂದ ಟೋಕಿಯೋದ ನರೀಟಾ ನಿಲ್ದಾಣಕ್ಕೆ ನೇರ ವಿಮಾನ, ವಿಎಫ್‌ಎಸ್ ಕೇಂದ್ರದ ಮೂಲಕ ಪ್ರವಾಸಿ ವೀಸಾ. ವಿಮೆಯಲ್ಲಿ ಮಾತ್ರ ಸಣ್ಣ ಅಕ್ಷರ ಓದಬೇಕು. ಸಾಮಾನ್ಯ ಪ್ರವಾಸ ವಿಮೆ ಬಹಳಷ್ಟು ಸಲ ಸ್ಕೀಯನ್ನು ಸಾಹಸ ಕ್ರೀಡೆ ಎಂದು ಹೊರಗಿಡುತ್ತದೆ. ನಾನು ಕಂಪನಿಗೆ ಬರೆದು, ಗುರುತು ಹಾಕಿದ ಇಳಿಜಾರಿನಲ್ಲಿ ಸ್ಕೀ ಮಾಡುವಾಗ ಪೆಟ್ಟಾದರೆ ಕೊಡುತ್ತೀರಾ ಎಂದು ಕೇಳಿ, ಉತ್ತರ ಇಮೇಲಿನಲ್ಲಿ ಬಂದ ಮೇಲೆಯೇ ಹಣ ಕಟ್ಟಿದೆ.

ಬಟ್ಟೆಗೆ ಜಾಸ್ತಿ ಖರ್ಚು ಬೇಕಿಲ್ಲ. ಸ್ಕೀ, ಬೂಟು, ಕೋಲು, ಹೆಲ್ಮೆಟ್, ಜಾಕೆಟ್, ಪ್ಯಾಂಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಕೈಗವಸು, ಹಿಮದ ಕನ್ನಡಕ (ಗಾಗಲ್), ಟೋಪಿ, ಕಾಲುಚೀಲ ನಮ್ಮದೇ ಇದ್ದರೆ ಒಳ್ಳೆಯದು, ಅವನ್ನು ಇಲ್ಲೇ ಡೆಕಾಥ್ಲಾನ್‌ನಲ್ಲಿ ತೆಗೆದುಕೊಂಡೆವು. ಮಕ್ಕಳಿಗೆ ಎರಡೆರಡು ಜೊತೆ ಕೈಗವಸು. ಒಂದು ಒದ್ದೆಯಾದರೆ ಆ ದಿನ ಅಲ್ಲಿಗೇ ಮುಗಿಯಬಾರದು ಅಲ್ವಾ. ಒಳಗೆ ಹತ್ತಿ ಬನಿಯನ್ ಬೇಡ. ಬೆವರಿಗೆ ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ, ಮೈ ತಣ್ಣಗಾಗುತ್ತದೆ.

ಬೂಟಿನ ಅಳತೆ ಪಾದದ ಉದ್ದದ ಮೇಲೆ, ಸೆಂಟಿಮೀಟರಿನಲ್ಲಿ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕಾಗದದ ಮೇಲೆ ಹೆಬ್ಬೆರಳ ತುದಿಗೆ ಗೆರೆ ಎಳೆದು ಎಲ್ಲರದೂ ಬರೆದುಕೊಂಡೆ. ಬಾಡಿಗೆ ಚೀಟಿಯಲ್ಲಿ ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ಬಿದ್ದಾಗ ಸ್ಕೀ ಕಾಲಿನಿಂದ ತಾನೇ ಕಳಚುವಂತೆ ಬಿಗಿ ಇಡುವುದು ಆ ಲೆಕ್ಕದ ಮೇಲೆ. ಸುಮ್ನೆ ಅಂದಾಜಿನಲ್ಲಿ ಬರೆಯಬೇಡಿ. ಬೂಟಿನೊಳಗೆ ಒಂದೇ ಜೊತೆ ಕಾಲುಚೀಲ. ಚಳಿ ಎಂದು ಎರಡು ಹಾಕಿದರೆ ರಕ್ತ ಓಡಾಟ ಕಟ್ಟಿ ಬೆರಳು ಇನ್ನಷ್ಟು ತಣ್ಣಗಾಗುತ್ತವೆ.

ನಮ್ಮದು ಸಸ್ಯಾಹಾರಿ ಮನೆ. ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜಪಾನಿನ ಉಡೊನ್ ಎಂಬ ದಪ್ಪ ನೂಡಲ್ಸ್, ಹುದುಗಿಸಿದ ಸೋಯಾದ ಮಿಸೊ ಸಾರು, ಬೇಯಿಸಿದ ತರಕಾರಿ, ಬಹುಪಾಲು ಎಲ್ಲದರ ಬುಡದಲ್ಲೂ ದಾಶಿ ಎಂಬ ಸಾರು ಇರುತ್ತದೆ. ಅದು ಸಾಮಾನ್ಯವಾಗಿ ಒಣಮೀನಿನದ್ದು. ಸ್ಕೀ ಮೈದಾನದ ಕ್ಯಾಂಟೀನಿನ ಕರಿ-ರೈಸ್‌ನಲ್ಲಿ ಮಾಂಸ. ಹಾಗಾಗಿ ಹೋಟೆಲ್ ಬಿಟ್ಟು ಅಡುಗೆ ಜಾಗ, ಮೈಕ್ರೋವೇವ್ ಇರುವ ಬಾಡಿಗೆ ಮನೆ ಹಿಡಿದೆವು. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಬಿಸಿಬೇಳೆಬಾತಿನ ಪ್ಯಾಕೆಟ್, ಚಟ್ನಿಪುಡಿ, ಸಾರಿನ ಪುಡಿ ಜೊತೆಗಿತ್ತು. ತಾಜಾ ಕರಿಬೇವು, ಹಣ್ಣು, ತರಕಾರಿ ಒಯ್ಯಬೇಡಿ, ಪ್ರಮಾಣಪತ್ರ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ನಮ್ಮ ಎಲೆಕ್ಟ್ರಿಕ್ ಕೆಟಲ್ ಕೂಡ ಬೇಡ. ಅಲ್ಲಿ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಕೆಟಲ್‌ಗೆ ಅಲ್ಲಿ ಐದನೇ ಒಂದು ಪಾಲು ಶಕ್ತಿ ಮಾತ್ರ ಸಿಗುತ್ತದೆ, ನೀರು ಕುದಿಯುವುದೇ ಇಲ್ಲ ಅನ್ನಿ.

ಸೂಪರ್ ಮಾರ್ಕೆಟ್ಟಿನಲ್ಲಿ ಬೇಯಿಸಿ ಪ್ಯಾಕ್ ಮಾಡಿದ ಅನ್ನ ಸಿಗುತ್ತದೆ. ಎರಡು ನಿಮಿಷ ಬಿಸಿ ಮಾಡಿದರೆ ಸಾಕು. ಸ್ವಲ್ಪ ಅಂಟಂಟು ಅನ್ನ, ಮೊಸರನ್ನಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಸಪ್ಪೆ ಮೊಸರು ಎಲ್ಲ ಕಡೆ ಇದೆ. ಮಕ್ಕಳು ಇಡೀ ಬೆಳಗ್ಗೆ ಬಿದ್ದೆದ್ದು ಬಂದು ಇದನ್ನು ಎರಡೆರಡು ಸಲ ಹಾಕಿಸಿಕೊಂಡರು.

ದೊಡ್ಡ ಪೆಟ್ಟಿಗೆಗಳನ್ನು ನಾವು ಹೊರಲಿಲ್ಲ. ಟಕ್ಯುಬಿನ್ ಎಂಬ ಸೇವೆಯಲ್ಲಿ ವಿಮಾನ ನಿಲ್ದಾಣದ ಕೌಂಟರಿನಿಂದಲೇ ಕಳಿಸಿದರೆ ಮಾರನೇ ದಿನ ನಾವು ಉಳಿಯುವ ಊರಿಗೆ ತಲುಪುತ್ತದೆ. ಆ ರಾತ್ರಿ ಟೋಕಿಯೋದಲ್ಲಿ ಉಳಿದು, ಬೆಳಗ್ಗೆ ಬೆನ್ನಿನ ಚೀಲ ಮಾತ್ರ ಇಟ್ಟುಕೊಂಡು ರೈಲು ಹತ್ತಿದೆವು. ಅಮ್ಮನ ಕೈಯಲ್ಲಿ ನೀರಿನ ಬಾಟಲಿ ಬಿಟ್ಟರೆ ಬೇರೇನಿಲ್ಲ.

ಮೊದಲ ಪಾಠದಲ್ಲಿ ಅರ್ಧ ಗಂಟೆ ಬರೀ ನಡೆಯುವುದು, ಬೀಳುವುದು, ಏಳುವುದು. ಆಮೇಲೆ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಮ್ಮಡಿ ಹೊರಗೆ ಒತ್ತಿ ನಿಲ್ಲುವುದು. ಮಕ್ಕಳಿಗೆ ಇದನ್ನು ಪಿಜ್ಜಾ ಎಂದು ಹೇಳಿಕೊಡುತ್ತಾರೆ. ಮಗ ಬೇಗ ಹಿಡಿದ. ಮಗಳು ಹಿಂದಕ್ಕೆ ವಾಲುತ್ತಿದ್ದಳು. ಭಯವಾದಾಗ ಎಲ್ಲರೂ ಹಾಗೇ ವಾಲುವುದು, ಆದರೆ ಆಗಲೇ ಸ್ಕೀ ಹಿಡಿತ ತಪ್ಪುವುದು. ಮೊಣಕಾಲಿನ ಕೆಳಗಿನ ಮುಂಭಾಗ ಬೂಟಿನ ನಾಲಿಗೆಗೆ ತಾಗಿರಬೇಕು ಎಂದು ಗುರುಗಳು ಮತ್ತೆ ಮತ್ತೆ ಹೇಳಿ, ಮಧ್ಯಾಹ್ನದ ಹೊತ್ತಿಗೆ ಅವಳೂ ತಾನೇ ನಿಲ್ಲಿಸಲು ಕಲಿತಳು. ನನಗೆ ಅಷ್ಟೇ ಸಾಕಾಗಿತ್ತು. ಪಾಠ ಬೆಳಗ್ಗೆ ಮಾತ್ರ ಇಟ್ಟಿದ್ದೆವು. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ದಣಿದ ಕಾಲಿನಲ್ಲಿ ಸಂಜೆ ಬಿದ್ದರೆ ಪೆಟ್ಟು ಜಾಸ್ತಿ.

ಅಮ್ಮ ಸ್ಕೀ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಬೆಚ್ಚಗೆ ಕೂರಲು ಗಾಜಿನ ಕಿಟಕಿಯ ಜಾಗ, ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಗಡಿಗಳು, ದೂರದಲ್ಲಿ 2568 ಮೀಟರಿನ ಅಸಾಮಾ ಜ್ವಾಲಾಮುಖಿ. ಬೇಜಾರಾಯಿತು ಎಂದು ಒಮ್ಮೆಯೂ ಅನ್ನಲಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರ ದಿನ ಹೇಗೆ ಕಳೆಯುತ್ತದೆ ಎಂದು ನೋಡಿ ಊರು ಆರಿಸಿ. ಸ್ಕೀ ಮಾಡುವವರಿಗೆ ಎಲ್ಲಿ ಹೋದರೂ ನಡೆಯುತ್ತದೆ.

ಆ ವಾರ ಯುಜಾವಾದಲ್ಲಿ ಹಿಮ ಬಿತ್ತು. ಬೆಳಗ್ಗೆ ಹೊರಟಾಗ ಬೆಟ್ಟದ ಈಚೆಯ ಗುನ್ಮಾ ಪ್ರಾಂತ್ಯದ ಗದ್ದೆಗಳ ಮೇಲೆ ಬಿಸಿಲು. ಆಮೇಲೆ 22 ಕಿಲೋಮೀಟರ್ ಉದ್ದದ ದೈಶಿಮಿಜು ಸುರಂಗ. ಆಚೆ ಬಂದರೆ ಎಲ್ಲ ಬೆಳ್ಳಗೆ, ಹಿಮ ಬೀಳುತ್ತಲೇ ಇದೆ. ಮಕ್ಕಳು ಕೂಗಿದ್ದಕ್ಕೆ ಪಕ್ಕದ ಸೀಟಿನವರೂ ನಕ್ಕರು. ಗಾಲಾ ಯುಜಾವಾ ಎಂಬಲ್ಲಿ ಸ್ಟೇಷನ್ ಕಟ್ಟಡದೊಳಗೇ ಬಾಡಿಗೆ ಅಂಗಡಿ, ಅಲ್ಲಿಂದಲೇ ಬೆಟ್ಟ ಹತ್ತಿಸುವ ಗೊಂಡೋಲಾ (ಕೇಬಲ್ ಕಾರ್). ಮೇಲಿನ ಕೆಲವು ಇಳಿಜಾರು ಮಾತ್ರ ತೆರೆದಿದ್ದವು. ಸ್ಕೀ ಮಾಡದವರಿಗೂ ಗೊಂಡೋಲಾ ಟಿಕೆಟ್ ಕೊಡುತ್ತಾರೆ, ಹಾಗಾಗಿ ಮಂಕಿ ಕ್ಯಾಪ್ ಹಾಕಿಕೊಂಡ ಅಮ್ಮನೂ ಮೇಲೆ ಬಂದರು. ಮೆತ್ತನೆಯ ಹಿಮದಲ್ಲಿ ಮಗಳ ಭಯ ಪೂರ್ತಿ ಹೋಯಿತು. ಮಗ ಸ್ಕೀ ಬಿಟ್ಟು ಜಾರುಬಂಡಿಯೇ ಸಾಕು ಎಂದ. ಅಜ್ಜಿ, ಮೊಮ್ಮಗ ಅದರಲ್ಲೇ ಕಳೆದರು.

ಮಗಳು ಈಗ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊಗೆ ಹೋಗೋಣ ಎನ್ನುತ್ತಿದ್ದಾಳೆ. ಅಲ್ಲಿಯ ನಿಸೆಕೊ ಅಂಥ ದೊಡ್ಡ ಬೆಟ್ಟಕ್ಕೆ ಹೋಗಲು ಎರಡೂ ಕಡೆ ತಿರುಗಲು, ಕಡಿದಾದ ಕಡೆ ನಿಲ್ಲಿಸಲು ಬರಬೇಕು. ಇನ್ನೊಂದು ಡಿಸೆಂಬರ್ ಕರುಯಿಜಾವಾದಲ್ಲಿ ಪಾಠ ಆಗಲಿ ಎಂದಿದ್ದೇನೆ. ಆಮೇಲೆ ನಿಸೆಕೊಗೆ ಜನವರಿಯಲ್ಲೇ ಹೋಗುವುದು ಸರಿ, ಆಗ ಇಡೀ ಬೆಟ್ಟ ಅವಳಿಗೆ ಬೇಕಾಗುತ್ತದೆ.